ಕೆಲಸ ನಿಂತಿದೆ ಎನ್ನದ ಬಾಯಿ

ಆಕೆಯ ಬಲಗೈಯ ತೋರುಬೆರಳಿನ ತುದಿಯಲ್ಲಿ ಒಂದು ಗೀರು ಇತ್ತು. ವರ್ಷಗಟ್ಟಲೆ ರೇಷ್ಮೆಯ ಎಳೆ ಹಾದು ಹಾದು ಕೊರೆದದ್ದು, ಬಾವಿಯ ಕಲ್ಲನ್ನು ಹಗ್ಗ ಕೊರೆದ ಹಾಗೆ. ಆ ಬೆರಳಿನ ಬಗ್ಗೆ ಬರೆಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ, ಎದ್ದಿದ್ದೇನೆ. ಆಕೆ ತೀರಿಕೊಂಡು ಆರು ವರ್ಷವಾಯಿತು. ಇಷ್ಟು ದಿನ ಮುಂದೂಡಿದ್ದಕ್ಕೆ ಕಾರಣ ಬೇರೆ ಏನೂ ಅಲ್ಲ, ಹೆದರಿಕೆ.

ಇಳಕಲ್ಲಿನಲ್ಲಿ ನಮ್ಮ ಎದುರುಮನೆಯಾಕೆ. ನಾನು ಮಗ್ಗದ ಮೇಲೆ ಕೂಡುತ್ತಿದ್ದೆ, ಆಕೆ ಕೊಂಡಿ ಹಾಕುತ್ತಿದ್ದಳು. ನಮ್ಮ ಸೀರೆಯ ಒಡಲಿನ ಎಳೆಗಳು ಬೇರೆ, ಸೆರಗಿನ ಎಳೆಗಳು ಬೇರೆ. ಎರಡನ್ನೂ ಒಂದೊಂದಾಗಿ ಕುಣಿಕೆ ಹಾಕಿ ಕೂಡಿಸುವುದೇ ಕೊಂಡಿ. ಊರಿನಲ್ಲಿ ಎಷ್ಟೋ ಮಂದಿ ಹಾಕುತ್ತಾರೆ. ಆಕೆ ಹಾಕಿದ್ದನ್ನು ಮಾತ್ರ ಕೈಯಾಡಿಸಿ ನೋಡಿದರೂ ಕೂಡಿಸಿದ ಜಾಗ ಗೊತ್ತಾಗುತ್ತಿರಲಿಲ್ಲ. ಕೆಲಸ ಮಾಡುವಾಗ ಆಕೆಯ ಕಣ್ಣು ಎಳೆಯ ಮೇಲೆ ಇರುತ್ತಲೇ ಇರಲಿಲ್ಲ, ಓಣಿಯಲ್ಲಿ ಹೋಗಿಬರುವವರ ಮೇಲೆ ಇರುತ್ತಿತ್ತು. "ಯಾಕ್ರಿ ಕಾಕಾ, ಇವತ್ತ ಕಾಕು ಚಹಾ ಕೊಟ್ಟಿಲ್ಲೇನು? ಮಾರಿ ಸಪ್ಪಗ ಆಗೈತಿ!"

ಗಂಡ ಎಂಟು ತಿಂಗಳು ಹಾಸಿಗೆ ಹಿಡಿದು ತೀರಿಹೋಗಿದ್ದ. ಆ ಎಂಟು ತಿಂಗಳಲ್ಲಿ ಮನೆಯ ತಾಮ್ರದ ಹಂಡೆ ಕೂಡ ಉಳಿಯಲಿಲ್ಲ. ಒಬ್ಬಳೇ ಮಗಳು ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಆಗ ಈಕೆ ಒಂದು ವಿಮೆ ಮಾಡಿಸಿದಳು. ಸತ್ತ ಮೇಲೆ ಬರುವ ವಿಮೆಯಲ್ಲ. ಜಡ್ಡು ಬಂದು ದುಡಿಯಲಾಗದೆ ಕೂತರೆ ಗಳಿಕೆಯ ಒಂದು ಪಾಲನ್ನು ತಿಂಗಳು ತಿಂಗಳು ಕೊಡುವಂಥದ್ದು.

ನಾನು ಕಟ್ಟೆಯ ಮೇಲೆ ಕೂತು ನಕ್ಕೆ. "ಜಡ್ಡ ಬರಲಿ ಅಂತ ರೊಕ್ಕ ಕಟ್ಟತೀಯೇನ ತಂಗಿ?"

"ಮನಿಗಿ ಬಾಗಲಾ ಹಚ್ಚಿಸಿದ್ರ ಕಳ್ಳರನ್ನ ಕರದಂಗೇನ್ರಿ ಕಾಕಾ?"

ಕಟ್ಟೆಯ ಮೇಲಿದ್ದವರೆಲ್ಲ ನನ್ನನ್ನೇ ನೋಡಿ ನಕ್ಕರು.

ಮೂರು ವರ್ಷದ ನಂತರ ಆಕೆಯ ಎದೆಯಲ್ಲಿ ಗಂಟು ಕಾಣಿಸಿಕೊಂಡಿತು. ಬಾಗಲಕೋಟೆಯ ದವಾಖಾನೆಗೆ ಹೋಗಿ ಔಷಧ ಏರಿಸಿಕೊಂಡು ಬಸ್ಸಿನಲ್ಲಿ ಮರಳುತ್ತಿದ್ದಳು. ಕೂದಲು ಉದುರಿದಾಗ, "ಎಣ್ಣಿ ಖರ್ಚ ಉಳೀತ್ರಿ" ಎಂದು ನಕ್ಕಿದ್ದಳು. ಒಂದು ಮಧ್ಯಾಹ್ನ ನನ್ನನ್ನು ಕರೆದು, ಕಣ್ಣು ಮುಚ್ಚಿ, ಬೆರಳು ಚಾಚಿದಳು.

"ಎಳಿ ಇಡ್ರಿ ಕಾಕಾ."

ಇಟ್ಟೆ.

"ಇಡ್ರಿ ಅಂದೆಲ್ಲಾ."

"ಇಟ್ಟೇನವ್ವಾ."

ಕಣ್ಣು ತೆರೆದು ನೋಡಿದಳು. ಎಳೆ ಆ ಗೀರಿನಲ್ಲೇ ಕೂತಿತ್ತು. ಔಷಧಕ್ಕೆ ಬೆರಳುಗಳು ಜೋಮು ಹಿಡಿದಿದ್ದವು. ಆಕೆಯ ಮುಖದಲ್ಲಿ ಭಯವನ್ನು ನಾನು ನೋಡಿದ್ದು ಅವತ್ತೇ ಮೊದಲು.

ವಿಮೆಯವರಿಗೆ ಅರ್ಜಿ ಹೋಯಿತು. ಕೆಲಸ ಪೂರ್ತಿ ನಿಂತಿದೆ ಎಂದು ಬರೆಸಿದ್ದಳು. ನಮ್ಮ ಓಣಿಯ ರೂಢಿ ಬೇರೆ. ಯಾರಾದರೂ ಮಲಗಿದರೆ ಅವರ ಕೆಲಸವನ್ನು ನೆರೆಯವರು ಮಾಡಿ, ಅವರ ಹೆಸರಿನಲ್ಲೇ, ನೂಲು ಕೊಟ್ಟು ನೇಯಿಸುವ ಸಾವಕಾರನಿಗೆ ಮುಟ್ಟಿಸುತ್ತಾರೆ. ಕೈ ನಿಂತಿತೆಂದು ತಿಳಿದರೆ ಆತ ಕೆಲಸವನ್ನು ಇನ್ನೊಂದು ಮನೆಗೆ ಕೊಡುತ್ತಾನೆ, ಅದು ತಿರುಗಿ ಬರುವುದಿಲ್ಲ. ಅದಕ್ಕೇ ಹೊರಗಿನವರ ಮುಂದೆ ನಾವು ಬಾಯಿ ಬಿಡುವುದಿಲ್ಲ. ನಾನು ಆಕೆಗೆ ಹೇಳದೆಯೇ ಆಕೆಯ ಹೆಸರಿನಲ್ಲಿ ಕೊಂಡಿ ಹಾಕತೊಡಗಿದೆ. ಆಕೆ ನಾಲ್ಕು ಹಾಕುವ ಹೊತ್ತಿಗೆ ನನ್ನಿಂದ ಒಂದು. ಅದರ ಕೂಲಿಯನ್ನು ಹೆಂಡತಿಯ ಕೈಯಲ್ಲಿ ಕಳಿಸಿದಾಗ ಆಕೆ ಗೋಡೆ ಹಿಡಿದುಕೊಂಡು ಎದ್ದು ಬಂದಳು.

"ಇದು ಬ್ಯಾಡ್ರಿ ಕಾಕಾ. ನಿಂತದ್ದನ್ನ ನಿಂತೈತಿ ಅನ್ನಬೇಕ್ರಿ."

"ಸಾವಕಾರಗ ಗೊತ್ತಾದ್ರ?"

"ಆಗ್ಲಿ. ನಾ ಕಾಗದದಾಗ ಬರಸೇನಲ್ಲ."

ಹೂಂ ಎಂದೆ. ಆದರೆ ಬಿಡಲಿಲ್ಲ. ಉಪಕಾರ ಮಾಡುವವನಿಗೂ ಒಂದು ಸೊಕ್ಕು ಇರುತ್ತದೆ.

ಕೆಲವು ದಿನಗಳಲ್ಲಿ ವಿಮೆಯ ಕಡೆಯಿಂದ ಒಬ್ಬ ವಿಚಾರಣೆಗೆ ಬಂದ. ಸಾವಕಾರನ ಅಂಗಡಿಗೆ ಮೊದಲೇ ಹೋಗಿ ಬಂದಿದ್ದ. ಆಕೆಯ ಮನೆ ಮುಗಿಸಿ ನೇರವಾಗಿ ನನ್ನ ಪಡಸಾಲೆಗೆ ಬಂದ. ನನ್ನ ಮುಂದೆ ಅರ್ಧ ಹಾಕಿದ ಕೊಂಡಿ ಇತ್ತು. ಅದರ ಮೇಲೆ ಟವೆಲ್ ಎಳೆದೆ.

"ಎದುರುಮನಿ ಅಕ್ಕಾರ ಹೆಸರಲೇ ಇನ್ನೂ ಕೆಲಸ ಹೊಂಟೈತಂತ. ಯಾರ ಮಾಡಾಕತ್ತಾರ್ರಿ ಅಜ್ಜಾರ?" ಫೋನನ್ನು ನನ್ನ ಬಾಯಿಯ ಹತ್ತಿರ ಹಿಡಿದ. "ಖರೆ ಹೇಳ್ರಿ, ರೆಕಾರ್ಡ್ ಆಗಾಕತ್ತೈತಿ."

ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಮಾಡುವುದು ಅಪರಾಧವಿದ್ದರೆ? ಪೊಲೀಸರು, ಹುನಗುಂದದ ಕೋರ್ಟು, ಎಲ್ಲವೂ ಕಣ್ಣ ಮುಂದೆ ಬಂದವು. ಸಾವಕಾರ ನನ್ನ ಮಗ್ಗಕ್ಕೂ ನೂಲು ಕೊಡುವುದನ್ನು ನಿಲ್ಲಿಸಿದರೆ?

"ಆಕೀನ ಮಾಡತಾಳ್ರಿ," ಎಂದೆ.

ಅದನ್ನೇ ಬರೆದು ಸಹಿ ಕೇಳಿದ. ನಾನು ಹತ್ತನೆಯ ತರಗತಿಯವರೆಗೆ ಕಲಿತವನು. ಓದಲು ಬರಲಿಲ್ಲ ಎನ್ನುವ ಹಾಗಿಲ್ಲ. ಓದಿಯೇ ಸಹಿ ಮಾಡಿದೆ.

ಅರ್ಜಿ ತಿರಸ್ಕಾರವಾಯಿತು. ಕೆಲಸ ನಡೆದಿರುವುದಾಗಿ ನೆರೆಯವರೇ ಹೇಳಿದ್ದಾರೆ ಎಂದು ಕಾಗದದಲ್ಲಿತ್ತು. ಅದನ್ನು ಹಿಡಿದುಕೊಂಡು ಆಕೆ ನನ್ನ ಹೊಸ್ತಿಲಿಗೆ ಬಂದು ನಿಂತಳು.

"ಕಾಕಾ, ನೀವು ಹೆದರಿದ್ರಿ," ಎಂದಳು. ಕೇಳಿದ್ದಲ್ಲ, ಹೇಳಿದ್ದು. ಕಾಗದವನ್ನು ಮಡಚುತ್ತಾ, "ನನಗೂ ಹೆದರಿಕಿ ಐತ್ರಿ," ಎಂದಳು.

ನಾನು ಮಗ್ಗದ ಕೆಳಗೆ ಏನನ್ನೋ ಹುಡುಕುವವನಂತೆ ಬಗ್ಗಿದೆ. ಎದ್ದು ನೋಡಿದಾಗ ಹೊಸ್ತಿಲು ಖಾಲಿಯಿತ್ತು.

ಬಾಗಲಕೋಟೆಯ ವಿಮೆ ಕಚೇರಿಗೆ ಹೋಗಿ, ನಾನು ಹೇಳಿದ್ದು ಸುಳ್ಳು ಎಂದು ಬರೆದುಕೊಟ್ಟಿದ್ದರೆ ಏನಾದರೂ ಆಗುತ್ತಿತ್ತೋ ಏನೋ. ಎರಡು ಸಲ ಬಸ್ ಸ್ಟ್ಯಾಂಡಿನವರೆಗೆ ಹೋಗಿ ಮನೆಗೆ ಮರಳಿದೆ. ಆಕೆ ಜೋಮು ಹಿಡಿದ ಬೆರಳುಗಳಿಂದಲೇ ಮತ್ತೆ ಕೊಂಡಿ ಹಾಕಲು ಕೂತಳು. ಈಗ ಓಣಿಯ ಕಡೆ ನೋಡುತ್ತಿರಲಿಲ್ಲ, ಎಳೆಯನ್ನೇ ದಿಟ್ಟಿಸುತ್ತಿದ್ದಳು. ಆದರೂ ಎಳೆ ಹರಿಯುತ್ತಿತ್ತು. ಕೂಲಿ ತಪ್ಪುತ್ತದೆಂದು ದವಾಖಾನೆಯ ಸರತಿಗಳನ್ನು ತಪ್ಪಿಸಿದಳು. ದೀಪಾವಳಿಗೆ ಮುಂಚೆ ತೀರಿಹೋದಳು. ಔಷಧ ಪೂರ್ತಿಯಾಗಿದ್ದರೂ ಉಳಿಯುತ್ತಿರಲಿಲ್ಲವೇನೋ. ಆದರೆ ಆ ಮಾತನ್ನು ಆಡುವ ಹಕ್ಕು ನನಗಿಲ್ಲ.

ಮಗಳು ಈಗ ಅದೇ ಮನೆಯಲ್ಲಿ ಸೀರೆಗೆ ಜಂಪರ್ ಹೊಲಿಯುತ್ತಾಳೆ. ಮೊನ್ನೆ ಒಂದು ಕಾಗದ ಹಿಡಿದುಕೊಂಡು ಬಂದಳು.

"ಅಜ್ಜಾ, ನನ್ನ ಕೈ ನಿಂತ್ರ ಮನಿ ನಿಂತಂಗ. ಇಂಥಾ ವಿಮೆ ಮಾಡಸ್ಲೋ ಬ್ಯಾಡೋ? ಅವ್ವಗ ಕಂಪನಿಯವರು ಮೋಸಾ ಮಾಡಿದ್ರಲ್ಲ, ಅದಕ್ಕ ಅಂಜಿಕಿ."

"ಮೋಸಾ ಮಾಡಿದ್ರು ಅಂತ ಅವ್ವ ಹೇಳಿದ್ಲೇನು?"

"ಇಲ್ಲ. ರೊಕ್ಕಾ ಬರಲಿಲ್ಲ ಅಂದ್ಲು, ಅಷ್ಟ."

ಅಂದರೆ ತಾಯಿ ಕೊನೆಯವರೆಗೂ ನನ್ನ ಮಾತು ಎತ್ತಿರಲಿಲ್ಲ. ನಾಳೆ ಹೇಳತೇನಿ ಎಂದು ಹುಡುಗಿಯನ್ನು ಕಳಿಸಿದೆ. ಕಂಪನಿಯ ತಪ್ಪು ಎಂದರೆ ಆಕೆ ವಿಮೆ ಮಾಡಿಸುವುದಿಲ್ಲ. ಮಾಡಿಸು ಎಂದರೆ ಯಾಕೆಂದು ಕೇಳುತ್ತಾಳೆ. ಬಾಯಿಂದ ಹೇಳುವ ಧೈರ್ಯ ಇವತ್ತಿಗೂ ಇಲ್ಲ, ಅದಕ್ಕೇ ಬರೆದಿದ್ದೇನೆ. ಈ ಹಾಳೆಗಳನ್ನು ಆಕೆಯ ಕೈಗೇ ಕೊಡುತ್ತೇನೆ. ಓದಿದ ಮೇಲೆ ನನ್ನ ಮುಖ ನೋಡುತ್ತಾಳೋ ಇಲ್ಲವೋ.

ಮಾಡಿಸವ್ವಾ. ಕರಾರುಗಳನ್ನೆಲ್ಲ ಓದಿ ತಿಳಿದುಕೊಂಡು ಮಾಡಿಸು. ಕೈ ನಿಂತ ದಿನ ನಿಂತಿದೆ ಎಂದು ಎಲ್ಲರೆದುರು ಹೇಳು. ನಿನ್ನ ಕೆಲಸ ಮಾಡಿಕೊಡುತ್ತೇನೆಂದು ಬರುವ ನನ್ನಂಥ ನೆರೆಯವನನ್ನು ಹೊಸ್ತಿಲಲ್ಲೇ ತಡೆ. ಕಂಪನಿ ಮೋಸ ಮಾಡಲಿಲ್ಲ. ಮಾಡಿದವನು ನಾನು. ತಪ್ಪಾಯಿತು ಎಂದು ಈ ಬಾಯಿ ಒಂದು ದಿನವೂ ಹೇಳದೆ ಉಳಿದದ್ದು ಒಬ್ಬಳಿಗೆ. ಆಕೆ ನಿಮ್ಮವ್ವ.