ಮೊದಲ ಸಾಲಿನಲ್ಲೇ ಹೇಳು

ನಮ್ಮ ಕಡೆ ಮನೆಗೆ ಬಂದವರು ಬಂದ ಕೆಲಸವನ್ನು ಎಂದೂ ಮೊದಲು ಹೇಳುವುದಿಲ್ಲ. ನೀರು ಕುಡಿದು, ಚಹಾ ಕುಡಿದು, ಎಲ್ಲರ ತಬ್ಯೇತು ವಿಚಾರಿಸಿ, ಹೊರಟು ನಿಂತು ಚಪ್ಪಲಿ ಮೆಟ್ಟುವಾಗ "ಒಂದ ಮಾತು ಮರತಿದ್ದೆ ನೋಡ್ರಿ" ಎನ್ನುತ್ತಾರೆ. ಬಂದದ್ದೇ ಆ ಮರೆತ ಮಾತಿಗಾಗಿ.

ಸೋಲಾಪುರದಲ್ಲಿ ಭಾಷಾಶಾಸ್ತ್ರದ ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಸಮ್ಮೇಳನದ ಅಬ್‌ಸ್ಟ್ರಾಕ್ಟ್ ಬರೆಯಲು ಕಲಿಸುವಾಗ ನನಗೆ ಎದುರಾಗುವುದು ಇದೇ ರೂಢಿ. ಅದು ಒಂದೇ ಪುಟದ ಬರಹ. ನಿಮ್ಮನ್ನು ಮಾತಾಡಲು ಕರೆಯಬೇಕೋ ಬೇಡವೋ ಎಂಬುದನ್ನು ಅದನ್ನು ಓದಿಯೇ ನಿರ್ಧರಿಸುತ್ತಾರೆ. ನಮ್ಮ ಮಕ್ಕಳು ಮುಕ್ಕಾಲು ಪುಟ ಭಾಷೆ ಎಂದರೇನು ಎಂದು ವಿವರಿಸಿ, ತಾವು ಕಂಡುಕೊಂಡದ್ದನ್ನು ಕೊನೆಯ ಅರ್ಧ ಸಾಲಿನಲ್ಲಿ ಮುದುರಿಟ್ಟಿರುತ್ತಾರೆ. ನಾನು ಬಟ್ಟೆ ವ್ಯಾಪಾರಸ್ಥರ ಮನೆಯವಳು. ಗಿರಾಕಿಗೆ ಬಟ್ಟೆ ಬಿಚ್ಚಿ ತೋರಿಸದೆ ಗಿರಣಿಯ ಇತಿಹಾಸ ಹೇಳುತ್ತ ಕೂತರೆ ಅವನು ಪಕ್ಕದ ಅಂಗಡಿ ಹತ್ತುತ್ತಾನೆ. ಅದಕ್ಕೇ ಪೆನ್ನು ಕೆಳಗಿಡಿಸಿ, ಏನು ಹುಡುಕಿದಿ, ಎಲ್ಲಿ ಹುಡುಕಿದಿ, ಏನು ಸಿಕ್ಕಿತು ಎಂದು ಮೊದಲು ಬಾಯಲ್ಲಿ ಹೇಳಿಸುತ್ತೇನೆ. ಇಂಗ್ಲಿಷು ಆಮೇಲೆ.

ಅವರಲ್ಲಿ ಒಬ್ಬಳು ವಳಸಂಗದ ರೈತರ ಮನೆಯ ಹುಡುಗಿ. ಮನೆಯಲ್ಲಿ ಕನ್ನಡ, ಸಾಲಿ ಕಲಿತದ್ದೆಲ್ಲ ಮರಾಠಿಯಲ್ಲಿ. ಕನ್ನಡದ ಅಕ್ಷರ ಅವಳಿಗೆ ಬಾರದು. ಅಕ್ಕಲಕೋಟ ರಸ್ತೆಯ ಹಳ್ಳಿಗಳಲ್ಲಿ ತನ್ನಂಥವರ ಮಾತನ್ನೇ ಧ್ವನಿಮುದ್ರಿಸಿ, ದೇವನಾಗರಿಯಲ್ಲಿ ಬರೆದುಕೊಂಡಿದ್ದಳು. ಇಲ್ಲಿಯವರು ಕನ್ನಡ ಮರೆಯುತ್ತಿದ್ದಾರೆ ಎಂದು ಎಲ್ಲರೂ ಮರುಗುತ್ತಾರಲ್ಲ, ಅದು ಸುಳ್ಳು ಎಂಬುದು ಅವಳಿಗೆ ಸಿಕ್ಕಿತ್ತು. "ಬಾಜಾರಕ್ಕ ಹೊಂಟೀನಿ, ಪಿಶವಿ ಕೊಡು" ಎನ್ನುವಾಗ ಚೀಲಕ್ಕೆ ಪಿಶವಿ ಎಂಬ ಪದ ಮರಾಠಿಯದಿರಬಹುದು, ಮಾತು ಕಟ್ಟಿದ್ದು ಕನ್ನಡವೇ.

ಆದರೆ ಇಂಗ್ಲಿಷಿನ ಅಬ್‌ಸ್ಟ್ರಾಕ್ಟಿನಲ್ಲಿ ಅವಳು ಬರೆದಿದ್ದೇನು? 'ಇದು ಶುದ್ಧ ಕನ್ನಡವಲ್ಲದಿದ್ದರೂ, ಒಂದು ನಮ್ರ ಪ್ರಯತ್ನ.' ಉಳಿದದ್ದೆಲ್ಲ ಅಡ್ಡಗೋಡೆಯ ಮೇಲೆ ದೀಪ. ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ಅದನ್ನು ಇನ್ನಷ್ಟು ಮೆತ್ತಗೆ ಮಾಡಿ ಸಮ್ಮೇಳನವೊಂದಕ್ಕೆ ಕಳಿಸಿಕೊಟ್ಟಿದ್ದರು. ಸಮ್ಮೇಳನದವರು ತಿರಸ್ಕರಿಸಿದರು. ಕನ್ನಡ ಓದಲು ಬಾರದವರ ಮಾತನ್ನು ಕನ್ನಡದ ಸಾಕ್ಷ್ಯವೆಂದು ಒಪ್ಪಲಾಗದು ಎಂಬುದು ಕಾರಣ.

ಒಂದು ಸಮ್ಮೇಳನದಲ್ಲಾದರೂ ಮಾತಾಡದೆ ಅವಳು ಪ್ರಬಂಧ ಸಲ್ಲಿಸುವಂತಿರಲಿಲ್ಲ. ಸಿಕ್ಕಿದ್ದ ಹೆಚ್ಚಿನ ಅವಧಿಯೂ ಆ ವರ್ಷಕ್ಕೆ ಮುಗಿಯುತ್ತಿತ್ತು. ಸಹೋದ್ಯೋಗಿ ಸಲಹೆ ಕೊಟ್ಟರು: "ಗಡಿ ಆಚಿಕಿನ ಕನ್ನಡ ಸಾಲಿ ಓದಿದವರನ್ನ ನಾಕ ಮಂದಿ ಸೇರಿಸ್ರಿ ಮೇಡಂ. ವಾದ ಯಾಕ ಬೇಕು?"

ನನಗೆ ಕೆಂಡದಂಥ ಸಿಟ್ಟು ಬಂತು. ನಮ್ಮ ಅಜ್ಜಿಗೆ ಒಂದಕ್ಷರ ಬರುತ್ತಿರಲಿಲ್ಲ. ಅವಳು ಬಾಗಿಲಲ್ಲಿ ನಿಂತು ಬೈಯತೊಡಗಿದರೆ ಓಣಿಗೆ ಓಣಿಯೇ ಗಪ್ಪಾಗುತ್ತಿತ್ತು. ಅದೇನು ಲಿಪಿ ನೋಡಿ ಗಪ್ಪಾದದ್ದೇ?

"ಒಬ್ಬರನ್ನೂ ಸೇರಸೂದಿಲ್ಲ," ಎಂದೆ. ಹುಡುಗಿಯನ್ನು ಕೂರಿಸಿಕೊಂಡು ಹಳೆಯದನ್ನು ಹರಿದು ಹಾಕಿದೆ. "ಅವರು ಯಾವದನ್ನ ಕುಂದು ಅಂದಾರ, ಅದನ್ನ ಮೊದಲನೇ ಸಾಲಿಗೆ ಇಡು."

"ಮೇಡಂ, ಹಂಗ ಬರದ್ರ ಸೊಕ್ಕು ಅಂತಾರ್ರಿ."

"ಅನ್ನಲಿ. ನಿನಗ ಸಿಕ್ಕಿದ್ದು ಖರೇ ಐತೋ ಇಲ್ಲೋ?"

"ಖರೇ ಐತ್ರಿ."

"ಮತ್ತ ಖರೇ ಮಾತಿಗೆ ಮಾಫಿ ಯಾಕ ಕೇಳ್ತಿ, ತಂಗಿ?"

ಅವಳು ಬರೆದ ಮೊದಲ ಸಾಲು: ಕನ್ನಡ ಓದಲು ಬಾರದವರ ಕನ್ನಡವೂ ಪೂರ್ಣ ಕನ್ನಡ, ಪುರಾವೆ ಇಲ್ಲಿದೆ. ಬಳಿಕ ಯಾವ ಹಳ್ಳಿಗಳು, ಯಾರ ಮಾತು, ಹೇಗೆ ತೂಗಿ ನೋಡಿದ್ದು ಎಂಬುದು ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಬಂತು. 'ನಮ್ರ' ಹೋಯಿತು, 'ಪ್ರಯತ್ನ' ಹೋಯಿತು. ಕೊನೆಗೆ, ನಾನು ಹೇಳದಿದ್ದರೂ, ಒಂದು ಸಾಲನ್ನು ತಾನೇ ಸೇರಿಸಿದಳು: ಈ ಮಾತುಗಾರರಲ್ಲಿ ಸಂಶೋಧಕಿಯೂ ಒಬ್ಬಳು. ಅದನ್ನು ಓದಿ ನನ್ನ ಕಣ್ಣು ತುಂಬಿ ಬಂದವು. ತೋರಿಸಿಕೊಳ್ಳದೆ, ಅಲ್ಪವಿರಾಮವೊಂದು ತಪ್ಪಿದೆ ಎಂದು ಗದರಿದೆ.

ಈ ಸಲ ಗಡಿಯಾಚೆಯ ಬೇರೊಂದು ಸಮ್ಮೇಳನಕ್ಕೆ ಕಳಿಸಿದೆವು. ಕರೆ ಬಂತು. ಹಿಂದಿನ ಸಾಲಿನಲ್ಲಿ ನಾನು ಕೂತಿದ್ದೆ. ಅವಳು ವಳಸಂಗದ ಕನ್ನಡದಲ್ಲೇ ಮಾತಾಡಿದಳು. ಮುಗಿದ ಮೇಲೆ ಅಧ್ಯಕ್ಷರ ಪಕ್ಕದಲ್ಲಿದ್ದ ಹಿರಿಯ ವಿದ್ವಾಂಸರು ಮೈಕು ತೆಗೆದುಕೊಂಡರು. "ಎಲ್ಲ ಸರಿ. ಆದರೆ ನಿಮಗೆ ಸ್ವತಃ ಕನ್ನಡ ಓದಲು ಬರುತ್ತದೆಯೇ?"

ಸಭೆ ಅವಳ ಕಡೆ ತಿರುಗಿತು. ನಾನು ಎದ್ದು ಉತ್ತರ ಕೊಡಲು ಕುರ್ಚಿಯ ತುದಿಗೆ ಬಂದಿದ್ದೆ. ಅವಳು ನನ್ನತ್ತ ನೋಡಲೂ ಇಲ್ಲ.

"ಇಲ್ರಿ ಸರ್, ಬರೂದಿಲ್ಲ," ಎಂದಳು. "ನೀವು ಕೇಳಿದ್ದು ನನಗ ತಿಳೀತು. ನಾ ಇಷ್ಟೊತ್ತು ಹೇಳಿದ್ದು ನಿಮಗ ತಿಳೀತೋ ಇಲ್ಲೋ, ಅಷ್ಟ ಹೇಳ್ರಿ."