ನಮ್ಮತ್ತೆ ಸಾಕಿದ ಚೇಳುಗಳು

ಸಾಗರದ ನಮ್ಮ ಮನೆಗೆ ಬಂದವರೆಲ್ಲ ಮರ್ಯಾದೆಯಿಂದ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಬರುತ್ತಾರೆ. ಹಾಲ್‌ನ ಮೂಲೆಯ ಗಾಜಿನ ಪೆಟ್ಟಿಗೆಗಳಲ್ಲಿ ಏನಿದೆಯೆಂದು ತಿಳಿದ ಮೇಲೆ, ಬಿಡದೇ ಇದ್ದಿದ್ದರೆ ಒಳ್ಳೆಯದಿತ್ತು ಎಂಬ ಮುಖ ಮಾಡಿ ಎರಡೂ ಕಾಲನ್ನು ಸೋಫಾದ ಮೇಲೆ ಎಳೆದುಕೊಳ್ಳುತ್ತಾರೆ. ನಾನು ಅವರನ್ನು ನೋಡಿ ನಗುವುದಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಆ ಸೋಫಾದ ಮೇಲೆಯೇ ಸಂಸಾರ ಹೂಡುವ ಅಂದಾಜಿನಲ್ಲಿದ್ದೆ.

ಪೆಟ್ಟಿಗೆಯಲ್ಲಿರುವುದು ಚೇಳು. ಸಾಕಿದವರು ನಮ್ಮತ್ತೆ, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಉಳಿದ ನಿವೃತ್ತರು ಗುಲಾಬಿ ಬೆಳೆಸುತ್ತಾರೆ, ತೀರ್ಥಯಾತ್ರೆಗೆ ಹೋಗುತ್ತಾರೆ; ನಮ್ಮತ್ತೆ ಸೌದೆ ಕೊಟ್ಟಿಗೆಯಲ್ಲಿ ಸಿಕ್ಕಿದ ಒಂದು ಕರಿಚೇಳನ್ನು ಮನೆಯೊಳಗೆ ತಂದರು. ಅದಕ್ಕೆ ಹೆಡ್‌ಮಿಸ್ಸು ಎಂದು ಹೆಸರಿಟ್ಟರು. ಆಮೇಲೆ ಡ್ರಿಲ್ ಮಾಸ್ತರು ಬಂದ. ಕೊನೆಗೆ ಇನ್ನೂ ಬೆಳೆಯುತ್ತಿದ್ದ ಚಿನ್ನು ಬಂದಳು. ಜಾತಕ ಕೂಡಿಸುವಾಗ ಹುಡುಗನದು ವೃಶ್ಚಿಕ ರಾಶಿ ಎಂದು ಮಾತ್ರ ಹೇಳಿದ್ದರು. ಉಳಿದ ವೃಶ್ಚಿಕಗಳ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ.

ಅತ್ತೆಯ ಕಾನೂನು ಬಲು ಬಿಗಿ. ಒಂದು ಪೆಟ್ಟಿಗೆಗೆ ಒಂದೇ ಚೇಳು, ಇಬ್ಬರನ್ನು ಬಿಟ್ಟರೆ ಒಬ್ಬರು ಇನ್ನೊಬ್ಬರನ್ನು ತಿಂದು ಮುಗಿಸುತ್ತಾರೆ. ಮುಚ್ಚಳಕ್ಕೆ ಬೀಗ, ಕೀಲಿ ಅತ್ತೆಯ ಸೊಂಟದಲ್ಲಿ. ಜಿರಳೆ ಹಾಕುವುದಿರಲಿ, ನೀರಿನ ತಟ್ಟೆ ತೊಳೆಯುವುದಿರಲಿ, ಎಲ್ಲಕ್ಕೂ ಮೊಳದುದ್ದದ ಇಕ್ಕಳ. ಕೈ ಒಳಗೆ ಹೋಗಕೂಡದು. ಒಳಗೆ ಏನನ್ನೇ ಹಾಕುವ ಮುಂಚೆ, ಅಡಗಲೆಂದು ಇಟ್ಟ ಮರದ ತೊಗಟೆ ಎತ್ತಿ, ಚೇಳು ಎಲ್ಲಿದೆ ಎಂದು ಕಣ್ಣಾರೆ ನೋಡಲೇಬೇಕು. ಕುಟುಕಿಸಿಕೊಂಡರೆ ಮಂತ್ರ, ಸೊಪ್ಪಿನ ರಸ ಎನ್ನದೆ ನೇರ ಆಸ್ಪತ್ರೆಗೆ. "ಕರಿಚೇಳು ಕುಟುಕಿದ್ರೆ ಉರಿಯತ್ತೆ, ಅಳಸತ್ತೆ. ಕೆಂಪಿದ್ಯಲ್ಲ, ಅದು ಜೀವಕ್ಕೇ ಅಪಾಯ. ಅದನ್ನ ಸಾಕೋಷ್ಟು ತಲೆ ಕೆಟ್ಟಿಲ್ಲ ನಂಗೆ" ಎನ್ನುತ್ತಿದ್ದರು. ತಲೆ ಎಷ್ಟು ಕೆಟ್ಟಿದೆ ಎಂಬ ಲೆಕ್ಕವನ್ನು ಸೊಸೆಯಾದವಳು ಕೇಳುವ ಹಾಗಿಲ್ಲ.

ಪಾಠ ಮಾತ್ರ ಚೆನ್ನಾಗಿ ಮಾಡುತ್ತಿದ್ದರು. ಚೇಳಿನ ಶ್ವಾಸಕೋಶ ಪುಸ್ತಕದ ಹಾಳೆಗಳ ಹಾಗೆ ಒಂದರ ಮೇಲೊಂದು ಜೋಡಿಸಿಕೊಂಡಿರುತ್ತದಂತೆ. ಓದು ಮುಗಿದ ಮೇಲೆ ಒಂದು ಪುಸ್ತಕವನ್ನೂ ಮುಟ್ಟದ ನನ್ನಂಥವಳ ಎದುರು, ಪುಸ್ತಕದಿಂದಲೇ ಉಸಿರಾಡುವ ಪ್ರಾಣಿ! ಗೌರವ ಬಂತು. ಆದರೆ ಗೌರವವನ್ನು ದೂರದಿಂದಲೂ ಕೊಡಬಹುದು.

ಹೀಗಿರುವಾಗ ಅತ್ತೆಗೆ ಮಂಡಿಯ ಆಪರೇಷನ್ ನಿಗದಿಯಾಯಿತು. ಶಿವಮೊಗ್ಗದಲ್ಲಿ ಆಪರೇಷನ್, ಆಮೇಲೆ ಅಲ್ಲೇ ಇರುವ ನಾದಿನಿಯ ಮನೆಯಲ್ಲಿ ವಿಶ್ರಾಂತಿ. ಹೊರಡುವ ದಿನ ಅತ್ತೆ ಸೊಂಟದ ಕೀಲಿ ಬಿಚ್ಚಿದರು. ಮಗನಿಗೆ ಕೊಡುತ್ತಾರೆ ಎಂದು ನಾನು ಹಾಯಾಗಿ ನಿಂತಿದ್ದೆ. ನನ್ನ ಅಂಗೈಯಲ್ಲಿಟ್ಟರು.

"ಅವ್ನಿಗೆ ಕೊಟ್ರೆ ಕೀಲಿಯನ್ನೇ ಕಳೀತಾನೆ. ನಿಂಗೆ ಹೆದರಿಕೆ ಉಂಟಲ್ಲ, ನೀನೇ ಸರಿ. ಹೆದರೋರು ಜಾಗ್ರತೆ ಮಾಡ್ತಾರೆ."

ಹೆದರಿಕೆಯೂ ಒಂದು ಅರ್ಹತೆ ಎಂದು ನನಗೆ ಗೊತ್ತಾದದ್ದು ಅಂದು. ಇಕ್ಕಳ ಹಿಡಿದು ಕೆಲಸ ಶುರುಮಾಡಿದೆ. ದಿನಾ ಅತ್ತೆಯ ಫೋನು. ಮಗನ ಊಟ, ನನ್ನ ನೆಗಡಿ ಎಲ್ಲ ಆಮೇಲೆ, ಮೊದಲ ಪ್ರಶ್ನೆ, "ಮೂವರೂ ಹ್ಯಾಗಿದಾರೆ?"

ಮೂವರಲ್ಲಿ ಚಿನ್ನು ಮಾತ್ರ ಜಿರಳೆ ಮುಟ್ಟುವುದನ್ನು ಬಿಟ್ಟಿದ್ದಳು. ಮುನಿಸಿಕೊಂಡಿರಬಹುದು, ಅತ್ತೆಯ ನೆನಪಾಗಿರಬಹುದು ಎಂದುಕೊಂಡೆ. ಒಂದು ಬೆಳಿಗ್ಗೆ ನೋಡಿದರೆ ಪೆಟ್ಟಿಗೆಯ ನಟ್ಟನಡುವೆ ಅಲ್ಲಾಡದೆ ಬಿದ್ದಿದ್ದಾಳೆ. ಗಾಜು ತಟ್ಟಿದೆ. ಇಕ್ಕಳದಿಂದ ಮೆಲ್ಲಗೆ ಸೋಕಿಸಿದೆ. ಒಣ ಎಲೆಯ ಹಾಗೆ ಪಕ್ಕಕ್ಕೆ ಸರಿದಳು. ನನಗೆ ಅಳುವೇ ಬಂದುಬಿಟ್ಟಿತು. ಚೇಳಿಗಾಗಿ ಅಳುತ್ತಿದ್ದೇನೆಂದು ಯಾರಿಗೆ ಹೇಳುವುದು?

ಅಷ್ಟರಲ್ಲಿ ಫೋನು. ನಾನು ಎತ್ತಲಿಲ್ಲ. ಗಂಡ ಎತ್ತಿ, "ಮೂವರೂ ಆರಾಮಮ್ಮ, ಚಿನ್ನು ಮಲಗಿದಾಳೆ" ಎಂದುಬಿಟ್ಟರು. ಫೋನಿಟ್ಟು ನನ್ನ ಕಡೆ ತಿರುಗಿ, "ಆಪರೇಷನ್ ಆದವ್ರಿಗೆ ಇದನ್ನ ಹೇಳಕ್ಕಾಗತ್ತಾ? ಅದೇ ಅಳತೆದು ಇನ್ನೊಂದನ್ನ ತಂದಿಟ್ರಾಯ್ತು ಮಾರಾಯ್ತಿ. ಮಲೆನಾಡಲ್ಲಿ ಚೇಳಿಗೆ ಬರಗಾಲವಾ?" ಎಂದರು.

ಆ ಮಾತು ಸುಳ್ಳಾಗಲಿಲ್ಲ. ನನ್ನ ತವರು ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನ ಹತ್ತಿರ. ಅಲ್ಲಿ ಅಣ್ಣನ ಮನೆಯ ಹಿಂದೆ ಹಳೆಯದೊಂದು ಪಾಗಾರವಿದೆ, ಕಲ್ಲು ಪೇರಿಸಿ ಕಟ್ಟಿದ ಕಾಂಪೌಂಡು ಗೋಡೆ. ಸಂಜೆ ಕತ್ತಲಾಗುವ ಹೊತ್ತಿಗೆ ಉದ್ದ ಬೂಟು, ಇಕ್ಕಳ, ಮುಚ್ಚಳವಿರುವ ಡಬ್ಬಿ, ಅತ್ತೆಯ ನೀಲಿ ಬೆಳಕಿನ ಟಾರ್ಚು ಹಿಡಿದು ಹೋದೆವು. ಆ ಟಾರ್ಚಿನ ಬೆಳಕು ಬಿದ್ದರೆ ಚೇಳು ಹಸಿರಾಗಿ ಹೊಳೆಯುತ್ತದೆ. ಅಣ್ಣ ನಮ್ಮನ್ನು ಮೇಲಿಂದ ಕೆಳಗೆ ನೋಡಿ, "ಸಿಕ್ಕಿದ್ ಚೇಳನ್ನ ಹೊಡ್ದು ಬಿಸಾಕೋರನ್ನ ನೋಡಿದೀನಿ. ಹುಡ್ಕಿಕೊಂಡ್ ಬರೋರು ನೀವೇ ಮೊದ್ಲು ಕಣೇ" ಎಂದ.

ಗಂಡ ಟಾರ್ಚು ಹೊತ್ತಿಸಿದರು. ಪಾಗಾರದ ಉದ್ದಕ್ಕೂ, ಕಲ್ಲಿನ ಸಂದುಸಂದಿನಲ್ಲಿ, ಹಸಿರು ದೀಪಗಳು. ದೊಡ್ಡವು, ಚಿಕ್ಕವು, ಬರಿಯ ಬಾಲ ಕಾಣುವಂಥವು. ನಾನು ಹುಡುಗಿಯಾಗಿದ್ದಾಗ ಅದೇ ಪಾಗಾರದ ಮೇಲೆ ಕೂತು ಮಾವಿನಕಾಯಿ ತಿಂದವಳು! ಹಾಗೆ ನೋಡಿದರೆ ನಮ್ಮ ಸೀಮೆಯಲ್ಲಿ ಚೇಳು ಸಾಕದ ಮನೆಯೇ ಇರಲಾರದು. ನಮ್ಮತ್ತೆ ಮಾತ್ರ ಬೀಗ ಹಾಕಿ ಸಾಕುತ್ತಾರೆ. ಎಲ್ಲಿದೆ ಎಂದು ಗೊತ್ತಿರುವ ಚೇಳಿಗಿಂತ ಗೊತ್ತಿಲ್ಲದ ಚೇಳಿಗೆ ಹೆಚ್ಚು ಹೆದರಬೇಕಿತ್ತು. ನಾನು ಇಷ್ಟು ಕಾಲ ತಲೆಕೆಳಗಾಗಿ ಹೆದರಿದ್ದೆ. ಅಣ್ಣ ಸೀದಾ ಒಳಗೆ ಹೋಗಿ ಬೂಟು ಹಾಕಿಕೊಂಡು ಬಂದ.

ಚಿನ್ನುವಿನ ಅಳತೆಯದೇ ಒಂದನ್ನು ಹಿಡಿದು ತಂದೆವು. ಮರುದಿನ ಬೆಳಿಗ್ಗೆ ಚಿನ್ನುವಿನ ಶವವನ್ನು ಇಕ್ಕಳದಿಂದ ಎತ್ತಿದೆ. ಕಾಗದದಷ್ಟು ಹಗುರ. ಗಂಡ ಹೊಸ ಚೇಳಿನ ಡಬ್ಬಿ ಹಿಡಿದು ಅವಸರ ಮಾಡಿದರು.

"ಬಿಡೇ ಬೇಗ, ಆಫೀಸಿಗೆ ಹೊತ್ತಾಯ್ತು."

"ತಡೀರಿ, ತೊಗಟೆ ಎತ್ತಿ ನೋಡ್ಬೇಕು."

"ಸತ್ತೋಗಿದೆ ಅಲ್ವೇನೇ, ಇನ್ನೆಂತ ನೋಡೋದು?"

"ಅತ್ತೆ ಹೇಳಿದಾರೆ, ನೋಡ್ಬೇಕು ಅಂದ್ರೆ ನೋಡ್ಬೇಕು."

ತೊಗಟೆ ಎತ್ತಿದೆ. ಅಡಿಯಲ್ಲಿ, ಎಳೆ ಸೌತೆಯ ತಿರುಳಿನ ಬಣ್ಣದ ಒಂದು ಚೇಳು ಮೈ ಮುದುಡಿ ಕೂತಿತ್ತು. ಬೆಳಕು ಬಿದ್ದೊಡನೆ ಕೊಂಡಿ ಒಂದಿಷ್ಟೇ ಎತ್ತಿತು.

ಚಿನ್ನು! ಸತ್ತಿರಲಿಲ್ಲ, ಪೊರೆ ಕಳಚಿದ್ದಳು. ನಾನು ಅತ್ತಿದ್ದು ಅವಳ ಹಳೆಯ ಅಂಗಿಗೆ. ಮೈ ಇನ್ನೂ ಗಟ್ಟಿಯಾಗಿರಲಿಲ್ಲ. ತೊಗಟೆಯಡಿ ನೋಡದೆ ಹೊಸ ಚೇಳನ್ನು ಬಿಟ್ಟಿದ್ದರೆ ಅದು ಅವಳನ್ನು ಅಲ್ಲೇ ಮುಗಿಸುತ್ತಿತ್ತು. ಗಂಡ ಡಬ್ಬಿಯ ಮುಚ್ಚಳವನ್ನು ಎರಡೂ ಕೈಯಿಂದ ಅದುಮಿ ಹಿಡಿದು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

ಅತ್ತೆ ಊರುಗೋಲು ಹಿಡಿದು ಮನೆಗೆ ಬಂದ ದಿನ ನಾನೇ ಎಲ್ಲ ಹೇಳಿದೆ. ಹೇಳದಿದ್ದರೂ, ಡಬ್ಬಿಯಲ್ಲಿ ಜಿರಳೆ ತಿಂದುಕೊಂಡು ಆರಾಮಾಗಿದ್ದ ನಾಲ್ಕನೆಯವನು ಹೇಳುತ್ತಿದ್ದ. ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಪೊರೆ ಬಿಡೋ ಮುಂಚೆ ಅದು ತಿನ್ನಲ್ಲ, ಹೇಳೋದೇ ಮರ್ತೆ. ಅಲ್ವೇ, ನಿಜವಾಗ್ಲೂ ಸತ್ತಿದ್ರೂ ನಾನು ಬೈತಿದ್ನಾ? ಅಷ್ಟು ಹೆದರ್ತೀಯಾ ನಂಗೆ?"

ನಾನು ಹೌದೆಂದು ತಲೆಯಾಡಿಸಿದೆ. ಅತ್ತೆಯ ನಗು ನಿಧಾನಕ್ಕೆ ನಿಂತಿತು.

"ನಾನೂ ನಿಂಗೆ ಹೆದರಿದ್ದೆ ಮಗಾ. ನೀನು ಮನೆ ತುಂಬೋ ಹಿಂದಿನ ದಿನ ಇವನ್ನೆಲ್ಲ ಕಾಡಿಗೆ ಬಿಡೋಣ ಅಂತ ಪೆಟ್ಟಿಗೆ ಹೊರಗೆ ತಂದಿಟ್ಟಿದ್ದೆ. ಮನಸ್ಸು ಬರ್ಲಿಲ್ಲ. ಹೊಸ ಹುಡುಗಿ, 'ಈ ಮುದುಕಿಗೆ ಹುಚ್ಚು' ಅಂತ ತವರಿಗೆ ಹೋಗಿಬಿಟ್ರೆ ಅಂತ ಎಷ್ಟು ದಿನ ಒಳಗೊಳಗೇ ನಡುಗಿದೀನಿ, ಗೊತ್ತಾ?"

ಒಂದೇ ಹಾಲ್‌ನಲ್ಲಿ ಇಬ್ಬರು ಹೆಂಗಸರು ಒಬ್ಬರಿಗೊಬ್ಬರು ಹೆದರಿಕೊಂಡು ನಗುನಗುತ್ತಾ ಕಾಫಿ ಕುಡಿದಿದ್ದೆವು. ಆ ಮನೆಯಲ್ಲಿ ಯಾರಿಗೂ ಹೆದರದೆ ನೆಮ್ಮದಿಯಿಂದ ಇದ್ದವು ಚೇಳುಗಳು ಮಾತ್ರ.

ನಾಲ್ಕನೆಯವನನ್ನು ಅವನ ಪಾಗಾರಕ್ಕೇ ಬಿಟ್ಟು ಬರಲು ಮುಂದಿನ ಭಾನುವಾರ ಮೂವರೂ ಕಾರಿನಲ್ಲಿ ಹೋದೆವು. ಡಬ್ಬಿ ಓರೆ ಮಾಡಿದ್ದು ನಾನೇ. ಅವನು ಕಲ್ಲಿನ ಸಂದಿಗೆ ನುಗ್ಗಿ ಮಾಯವಾದ. ವಾಪಸು ಬರುವಾಗ ಹಿಂದಿನ ಸೀಟಿನಿಂದ ಅತ್ತೆ, "ಹಾಲ್‌ನಲ್ಲಿ ಇನ್ನೊಂದು ಪೆಟ್ಟಿಗೆಗೆ ಜಾಗ ಇತ್ತು" ಎಂದರು.

"ನೋಡೋಣ ಅತ್ತೆ" ಎಂದೆ.

ಮುಂಚೆಯಾಗಿದ್ದರೆ ನನ್ನ 'ನೋಡೋಣ'ಕ್ಕೆ 'ಬೇಡ' ಎಂದು ಅರ್ಥವಿರುತ್ತಿತ್ತು. ಈಗಿನದಕ್ಕೆ ಏನರ್ಥ ಎಂದು ನನಗೇ ಖಾತ್ರಿಯಿರಲಿಲ್ಲ. ಗಂಡನಿಗೆ ಮಾತ್ರ ಅರ್ಥವಾಗಿರಬೇಕು. ಪಾಗಾರದ ಕಡೆಗೆ ತಿರುಗಿಸಿ ಎಂದು ನಾನು ಹೇಳುವ ಮುಂಚೆ ಅವರು ಕಾರಿನ ವೇಗ ಹೆಚ್ಚಿಸಿದರು.