ಇಪ್ಪತ್ತೆಂಟು ಆಂಪಿಯರ್

"ಬ್ಯಾಟರಿ ಕೊಡಿ ಸಾಕು, ಉಪದೇಶ ಬೇಡ!" ಎಂದು ಗಿರಾಕಿ ಕೌಂಟರ್ ಗುದ್ದಿದ.

ಹಿಂದೆ ಉಡುಪಿಯ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಿಕಲ್ ಕಲಿಸುತ್ತಿದ್ದ ನಾನು ಆಗ ಇಂಗ್ಲೆಂಡಿನ ಲೀಡ್ಸ್‌ನ ಹೆಡಿಂಗ್ಲೀಯಲ್ಲಿ ಇ-ಸಿಗರೇಟ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೆ. ಗಿರಾಕಿ ತನ್ನ ಇ-ಸಿಗರೇಟಿಗೆ ತಾನೇ ಸುತ್ತಿಕೊಂಡಿದ್ದ ತಂತಿಯ ಕಾಯಿಲನ್ನು ಮೀಟರಿಗೆ ಹಚ್ಚಿ, ಚೀಟಿಯ ಮೇಲೆ ಲೆಕ್ಕ ಹಾಕಿ ತೋರಿಸಿದ್ದೆ. ಅದು ಇಪ್ಪತ್ತೆಂಟು ಆಂಪಿಯರ್ ಕರೆಂಟ್ ಎಳೆಯುತ್ತಿತ್ತು. ಅವನು ಕೇಳಿದ ಬ್ಯಾಟರಿ ತಾಳುವುದು ಇಪ್ಪತ್ತನ್ನು ಮಾತ್ರ. ಮಿತಿ ಮೀರಿದರೆ ಕಾದು, ಅವನ ಬಾಯಿಯ ಮುಂದೆಯೇ ಸಿಡಿಯಬಹುದಿತ್ತು.

ಗಲಾಟೆ ಕೇಳಿ ಒಳಗಿನಿಂದ ಬಂದ ಮಾಲೀಕ, "ಕೇಳಿದ್ದು ಕೊಟ್ಟು ಕಳಿಸಿ. ಕೆಲಸ ಬೇಕೋ ಬೇಡ್ವೋ?" ಎಂದ.

ನಾನು ಬ್ಯಾಟರಿಯನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಮಾಲೀಕನ ಮುಂದಿಟ್ಟೆ. "ನೀವೇ ಕೊಡಿ ಸರ್. ನನ್ನ ಕೈಯಿಂದ ಆಗೋದಿಲ್ಲ."

ಮಾಲೀಕ ಚೀಟಿಯನ್ನು ಎರಡು ಸಲ ಓದಿದ. ಕೀಲಿಯನ್ನು ಮುಟ್ಟಲಿಲ್ಲ. ಗಿರಾಕಿ ಬೈಯುತ್ತಾ ಬಾಗಿಲು ಬಡಿದು ಹೋದ. ಅವನ ಹಿಂದೆ ನಿಂತಿದ್ದ ಮುದುಕಿಯೊಬ್ಬಳು ತನ್ನ ಇ-ಸಿಗರೇಟನ್ನು ನನ್ನತ್ತ ಚಾಚಿ, "ನಂದೂ ಒಂಚೂರು ನೋಡ್ತೀಯಾ, ಲವ್?" ಎಂದು ಅಲ್ಲಿನವರ ಸಲಿಗೆಯಲ್ಲಿ ಕೇಳಿದಳು. ಅದರೊಳಗಿನ ಬ್ಯಾಟರಿಯ ಹೊದಿಕೆ ಉದ್ದಕ್ಕೂ ಹರಿದು ಒಳಗಿನ ಲೋಹ ಕಾಣುತ್ತಿತ್ತು. ಅದನ್ನು ತೆಗೆದಿರಿಸಿ ಹೊಸದು ಹಾಕಿಕೊಟ್ಟೆ.

ಮುಂದಿನ ವಾರದ ಪಾಳಿಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ; ಕೆಲಸ ಹೋಗಿತ್ತು. ಬೇಸರವಾಯಿತು, ಪಶ್ಚಾತ್ತಾಪವಾಗಲಿಲ್ಲ. ಈಗಲೂ ಬಸ್ಸಿನಲ್ಲಿ ಯಾರಾದರೂ ಬಿಡಿ ಬ್ಯಾಟರಿಯನ್ನು ಚಿಲ್ಲರೆಯ ಜೊತೆ ಜೇಬಿಗಿಳಿಸುವುದು ಕಂಡರೆ, ಗುರುತಿಲ್ಲದಿದ್ದರೂ ಎದ್ದು ಹೋಗಿ ಹಾಗೆ ಮಾಡಬೇಡಿ, ನಾಣ್ಯ ತಗಲಿ ಶಾರ್ಟ್ ಆದರೆ ಬೆಂಕಿ ಹತ್ತುತ್ತೆ ಎನ್ನುತ್ತೇನೆ. ಕೆಲವರು ಗದರುತ್ತಾರೆ. ಗದರಲಿ.